ಪಕ್ಕದ ಕುರ್ಚಿಗೆ ಹೇಳಿದ ಮಾತು

ನೆಲ್ಡಾ ಆರ್ವಿಜು ಮಗಳ ಊಟದ ಡಬ್ಬಿಗೆ ಬುರಿಟೊ ಸುತ್ತುತ್ತಿದ್ದಾಗ ಫೋನ್ ಬಂತು. ಎರಡೂ ಕೈಗೆ ಬೀನ್ಸ್ ಅಂಟಿತ್ತು. ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

"ಚೀಲದಲ್ಲಿ ಏನೂ ಇಲ್ಲ," ಅಂದ ಗ್ರೇಡಿ.

ಠಾಣೆಯಲ್ಲಿ ಅವನು ಅವಳ ಜೊತೆಗಾರ. ಹಲೋ ಅನ್ನುವ ಅಭ್ಯಾಸ ಅವನಿಗಿಲ್ಲ.

"ಏನೂ ಇಲ್ಲ ಅಂದ್ರೆ?"

"ಇರಬೇಕಾದ್ದೆಲ್ಲ ಇದೆ. ವಿಟಮಿನ್ ಸಿ, ಮೆಗ್ನೀಷಿಯಂ, ನೀರು. ಇನ್ಸುಲಿನ್ ಮಾತ್ರ ಇಲ್ಲ. ಲ್ಯಾಬ್‌ನವರು ಮತ್ತೆ ಮತ್ತೆ ನೋಡಿದಾರೆ, ನೆಲ್ಡಾ. ಕ್ಲಿನಿಕ್‌ನೋರು ಚೀಲಕ್ಕೆ ಏನೂ ಬೆರೆಸಿಲ್ಲ."

ನೆಲ್ಡಾ ಸುತ್ತುತ್ತಿದ್ದ ಕೈ ನಿಲ್ಲಿಸಿದಳು.

ಕೋರಿನ್ ಥ್ಯಾಕರ್, ದುಡ್ಡು ಕೊಟ್ಟವರಿಗೆ ವಿಟಮಿನ್ ಡ್ರಿಪ್ ಹಾಕುವ ಕ್ಲಿನಿಕ್‌ನಿಂದ ಮನೆಗೆ ಬಂದ ಮಧ್ಯಾಹ್ನವೇ ಸೋಫಾದ ಮೇಲೆ ಪ್ರಜ್ಞೆ ತಪ್ಪಿದ್ದಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಆ ದಿನ ಪ್ರಜ್ಞೆ ತಪ್ಪುವ ಮೊದಲು, ಅವಳು ತಲೆನೋವೆಂದು ಮಲಗಿದ್ದಾಗ, ಬೆರಳು ಚುಚ್ಚಿ ಸಕ್ಕರೆ ನೋಡಿದ್ದೂ, ಅದು ವಿಪರೀತ ಏರಿದೆ ಎಂದು ಇನ್ಸುಲಿನ್ ಕೊಟ್ಟಿದ್ದೂ ಅವಳ ಮಗಳು ರೆನ್. ಅಮ್ಮ ಕಲಿಸಿದ ಹಾಗೆ, ಒಂದೇ ಸಲ ಎಂದಿದ್ದಳು. ಆಂಬುಲೆನ್ಸ್‌ನವರು ಚುಚ್ಚಿ ನೋಡಿದಾಗಲೂ ಸಕ್ಕರೆ ಹೆಚ್ಚೇ ಇತ್ತು. ಆದರೆ ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರೆ ಸಕ್ಕರೆ ತಳ ಕಂಡಿತ್ತು. ದಾರಿಯಲ್ಲೇ ಅಷ್ಟೊಂದು ಕುಸಿಯಬೇಕಾದರೆ ಮೈಯಲ್ಲಿ ಮೊದಲೇ ಬೇರೆ ಇನ್ಸುಲಿನ್ ಸೇರಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಸೇರಿದ್ದರೆ ಆ ಚೀಲದಿಂದಲೇ.

ಈಗ ಚೀಲ ಸ್ವಚ್ಛ.

"ಅಮ್ಮ, ಸೀದು ಹೋಗ್ತಿದೆ," ಅಂದಳು ಪಾಲೋಮಾ, ಶೂ ದಾರ ಕಟ್ಟುತ್ತಾ.

ಒಲೆಯ ಮೇಲಿದ್ದ ಟೋರ್ಟಿಯಾ ರೊಟ್ಟಿ ಕಪ್ಪಗಾಗಿತ್ತು. ನೆಲ್ಡಾ ಅದನ್ನು ಎತ್ತಿ ಸಿಂಕಿಗೆ ಎಸೆದಳು.

"ಇನ್ನೊಂದು ವಿಷಯ," ಅಂದ ಗ್ರೇಡಿ. "ಕೋರಿನ್ ಗಂಡ ಕರ್ಟ್ ಥ್ಯಾಕರ್‌ನ ವಕೀಲ ಆಗಲೇ ಫೋನ್ ಮಾಡಿದ್ದ. ಇವತ್ತು ಊಟದ ಹೊತ್ತಿಗೆ ಕರ್ಟ್ ಬಂದು ಮಗಳನ್ನ ಅಜ್ಜಿ ಮನೆಯಿಂದ ಕರ್ಕೊಂಡು ಹೋಗ್ತಾನಂತೆ. ನಾವು ತಡೆಯೋಕೆ ಕಾರಣ ಇಲ್ಲ."

"ಚೀಲದಲ್ಲಿ ಇಲ್ಲ ಅಂದ್ರೆ ಇನ್ಯಾರು ಉಳಿದ್ರು ಗ್ರೇಡಿ, ಯೋಚನೆ ಮಾಡಿದ್ಯಾ?"

"ಸಾಹೇಬ್ರು ಹೇಳೋದು ಏನಂದ್ರೆ, ಮಗು ಅಳತೆ ತಪ್ಪಿತು, ಆಕಸ್ಮಿಕ, ಫೈಲ್ ಮುಚ್ಚಿ ಅಂತ. ಯಾರನ್ನೂ ಜೈಲಿಗೆ ಹಾಕಲ್ಲ. ಎಲ್ಲರಿಗೂ ಒಳ್ಳೇದು."

"ಎಲ್ಲರಿಗೂ?"

"ನನ್ನ ಮೇಲೆ ಕೂಗಾಡ್ಬೇಡ. ನಾನು ಹೇಳಿದ್ದಲ್ಲ."

"ಕೂಗಾಡ್ತಿಲ್ಲ. ಬುರಿಟೊ ಸುತ್ತುತಾ ಇದೀನಿ."

ಫೋನ್ ಇಟ್ಟ ಮೇಲೆ ಪಾಲೋಮಾ ಕೇಳಿದಳು, "ಯಾವ ಮಗು ಅಮ್ಮ?"

"ನಿನಗಿಂತ ಸ್ವಲ್ಪ ದೊಡ್ಡದು. ಜುಟ್ಟು ಸರಿ ಮಾಡ್ಕೋ ಮಗಳೇ, ಬಸ್ ಬರುತ್ತೆ."

ಫೈಲ್ ಮುಚ್ಚಿದರೆ ಅದರೊಳಗೆ ಒಂದು ಸಾಲು ಉಳಿಯುತ್ತದೆ: ಮಗಳ ಕೈತಪ್ಪಿನಿಂದ ಆದದ್ದು. ಇನ್ನು ಎಷ್ಟೋ ವರ್ಷಗಳ ನಂತರ ರೆನ್ ದೊಡ್ಡವಳಾಗಿ ಅದನ್ನು ಓದುತ್ತಾಳೆ. ಓದದಿದ್ದರೂ ಯಾರಾದರೂ ಹೇಳುತ್ತಾರೆ. ನೆಲ್ಡಾಳಿಗೆ ಅಪರಾಧಿ ಸಿಗುವುದಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಅದೊಂದು ಸಾಲು ಬರೆಯದೆ ಉಳಿಯುವುದು. ಅದಕ್ಕೆ ಸಮಯವಿದ್ದದ್ದು ಊಟದ ಹೊತ್ತಿನವರೆಗೆ ಮಾತ್ರ.

ಡ್ರಿಪ್ ಕ್ಲಿನಿಕ್ ಇದ್ದದ್ದು ಗಾಲ್ಫ್ ಮೈದಾನದ ಎದುರಿನ ಅಂಗಡಿ ಸಾಲಿನಲ್ಲಿ, ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿಯ ಪಕ್ಕಕ್ಕೆ. ಮರುಭೂಮಿಯ ಊರು ಟ್ಯೂಸಾನ್‌ನ ಬಿಸಿಲು ಬೆಳಿಗ್ಗೆಯೇ ಕಾರಿನ ಬಾಗಿಲನ್ನು ಮುಟ್ಟಲಾಗದಷ್ಟು ಕಾಯಿಸಿತ್ತು. ಒಳಗೆ ಮಾತ್ರ ತಣ್ಣಗೆ, ಅರೆಗತ್ತಲು, ಲ್ಯಾವೆಂಡರ್ ವಾಸನೆ.

ಸಾಲಾಗಿ ಒರಗು ಕುರ್ಚಿಗಳು. ಪ್ರತಿಯೊಂದರ ಪಕ್ಕಕ್ಕೂ ಚೀಲ ನೇತುಹಾಕುವ ಕಂಬ. ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಡ್ರಿಪ್‌ಗಳ ಹೆಸರು, ಕಾಫಿ ಅಂಗಡಿಯಲ್ಲಿ ಬರೆದ ಹಾಗೆ: ಬೆಳಗು, ಚೈತನ್ಯ, ಮದುವೆಯ ಮುನ್ನಾದಿನ. ಅದರ ಕೆಳಗೆ ಚೌಕಟ್ಟು ಹಾಕಿದ ಒಂದು ಸಾಲು: ಕಣ್ಣಿನ ಮೇಲೆ ದಿಂಬು ಇಟ್ಟುಕೊಂಡವರನ್ನು ದಯವಿಟ್ಟು ಮಾತಾಡಿಸಬೇಡಿ.

ಆ ದಿಂಬು ಅಂಗೈಯಗಲದ್ದು. ಒಳಗೆ ಬಿಸಿ ಮಾಡಿದ ಅಗಸೆ ಬೀಜ. ಬರುವವರಲ್ಲಿ ಅರ್ಧ ಜನ ಬರುವುದೇ ಅದಕ್ಕಾಗಿ ಎಂದು ನೆಲ್ಡಾಳಿಗೆ ಮೊದಲ ಭೇಟಿಯಲ್ಲೇ ಅನಿಸಿತ್ತು. ಮನೆಯಲ್ಲಿ ಯಾರೂ ಅವರನ್ನು ಹೀಗೆ ಸುಮ್ಮನೆ ಮಲಗಲು ಬಿಡುವುದಿಲ್ಲ.

ನರ್ಸ್ ಲಿನೆಟ್ ಪ್ರೂಯಿಟ್ ಮೂಲೆಯ ಕುರ್ಚಿಯಲ್ಲಿ ಒಬ್ಬ ಮುದುಕನ ಕೈಗೆ ಸೂಜಿ ಹಾಕುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಂತು ನಿಂತು ಮಂಡಿ ಸವೆದ ಮೇಲೆ ಇಲ್ಲಿಗೆ ಬಂದವಳು. ನೆಲ್ಡಾಳನ್ನು ನೋಡಿ ಅವಳ ಮುಖ ಬಿಗಿಯಾಯಿತು.

"ಶೆಲ್ಬಿ ಇಲ್ಲ," ಅಂದಳು. ಶೆಲ್ಬಿ ಅಂದರೆ ಕ್ಲಿನಿಕ್‌ನ ಒಡತಿ.

"ಪರವಾಗಿಲ್ಲ. ನೀವು ಕೆಲಸ ಮುಗಿಸಿ. ನಾನು ಕೂತಿರ್ತೀನಿ."

ಅವಳು ಮುದುಕನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಮುದುಕ ಗಾಲ್ಫ್ ಟೋಪಿ ತೆಗೆದಿರಲಿಲ್ಲ.

"ಮೊದಲ ಸಲವಾ?" ಅಂದ ಅವನು. "ಹೆದರ್ಬೇಡಿ. ಲಿನೆಟ್ ಕೈ ಬೆಣ್ಣೆ. ಆ ಇನ್ನೊಬ್ಬ ಹುಡುಗಿ ಇದಾಳಲ್ಲ, ಅವಳು ಚುಚ್ಚಿದ್ರೆ ಬಾವಿ ತೋಡಿದ ಹಾಗೆ."

"ವರ್ನ್, ಅಲುಗಾಡ್ಬೇಡಿ," ಅಂದಳು ಲಿನೆಟ್.

"ನನ್ನ ವಯಸ್ಸಲ್ಲಿ ಅಲುಗಾಡೋದೊಂದೇ ಉಳಿದಿರೋ ವ್ಯಾಯಾಮ."

ಲಿನೆಟ್ ಪಟ್ಟಿ ಅಂಟಿಸಿ ಹನಿಯ ವೇಗ ಸರಿಮಾಡಿದಳು. ಆಮೇಲೆ ದಿಂಬನ್ನು ಕೈಗೆತ್ತಿಕೊಂಡು, ಕಣ್ಣಿನ ಮೇಲೆ ಇಡುವ ಮೊದಲು, ದಿನವೂ ಹೇಳಿ ಹೇಳಿ ಸವೆದ ದನಿಯಲ್ಲಿ ಹೇಳಿದಳು:

"ನಾಳೆ ಬೆಳಿಗ್ಗೆವರೆಗೂ ಬೆರಳು ಚುಚ್ಚಿ ನೋಡ್ಕೋಬೇಡಿ. ನೆನಪಿದೆ ತಾನೆ?"

"ಇಲ್ದೆ ಏನು. ಹೋದ ಸಲ ನೋಡ್ಕೊಂಡು ಹೆಂಡ್ತಿಗೆ ತೋರಿಸ್ಬಿಟ್ಟೆ. ಅವಳು ಪಾದ್ರಿಗೆ ಫೋನ್ ಮಾಡೋಕೆ ಹೊರಟಿದ್ಳು."

ನೆಲ್ಡಾ ಕತ್ತು ತಿರುಗಿಸಿದಳು. "ಯಾಕೆ ನೋಡ್ಕೋಬಾರದು?"

"ಮಿಷನ್ ಸುಳ್ಳು ಹೇಳುತ್ತೆ," ಅಂದ ವರ್ನ್, ಹೊಸಬಳಿಗೆ ವಿಷಯ ತಿಳಿಸುವ ಖುಷಿಯಲ್ಲಿ. "ಈ ವಿಟಮಿನ್ ಸಿ ಇಷ್ಟೊಂದು ಒಟ್ಟಿಗೆ ರಕ್ತಕ್ಕೆ ಹೋಯ್ತು ಅಂದ್ರೆ, ಆ ಪುಟ್ಟ ಮಿಷನ್ನು ಅದನ್ನೇ ಸಕ್ಕರೆ ಅನ್ಕೊಳ್ಳುತ್ತಂತೆ. ನಿಜವಾಗಿ ಎಷ್ಟಿದ್ರೂ ಸರಿ, ಅದು ಮಾತ್ರ ಏರಿದೆ ಏರಿದೆ ಅಂತಾನೇ ತೋರಿಸುತ್ತೆ. ನನಗೂ ಸಕ್ಕರೆ ಇದೆಯಲ್ಲ, ಅದಕ್ಕೆ ಲಿನೆಟ್ ಪ್ರತಿ ಸಲ ಗಿಣಿ ಥರ ಹೇಳ್ತಾಳೆ. ಅಲ್ವೇನಮ್ಮ?"

ಲಿನೆಟ್ ಅವನ ಕಣ್ಣಿನ ಮೇಲೆ ದಿಂಬು ಇಟ್ಟಳು. ನಂತರ ತಲೆ ಎತ್ತಿದಾಗ ನೆಲ್ಡಾ ಎದ್ದು ನಿಂತಿದ್ದಳು.

"ಒಳಗೆ ಬನ್ನಿ," ಅಂದಳು ನೆಲ್ಡಾ, ಮೆಲ್ಲಗೆ, ಮಲಗಿದವರಿಗೆ ತೊಂದರೆಯಾಗದಂತೆ.

ಔಷಧಿ ಬೆರೆಸುವ ಕೋಣೆ ಮನೆಯ ಉಗ್ರಾಣದಷ್ಟಿತ್ತು. ಒಂದು ಫ್ರಿಜ್, ಒಂದು ಸಿಂಕ್, ಗಾಜಿನ ಶೀಶೆಗಳ ಸಾಲು. ಲಿನೆಟ್ ಬಾಗಿಲು ಎಳೆದುಕೊಂಡಳು.

"ಇದನ್ನ ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಎಷ್ಟು ಸಲ ಬಂದಿದೀನಿ ಇಲ್ಲಿಗೆ?"

"ಬಂದಾಗಲೆಲ್ಲ ಚೀಲಕ್ಕೆ ಏನು ಹಾಕಿದ್ರಿ, ಯಾರು ಹಾಕಿದ್ರು, ಯಾರು ಮುಟ್ಟಿದ್ರು, ಅದೇ ಕೇಳಿದ್ರಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಒಂದು ಪದ ಹೆಚ್ಚಿಗೆ ಬೇಡ ಅಂತ ಶೆಲ್ಬಿ ಹೇಳಿದ್ರು. ಅವರಿಗೆ ಅವರ ವಕೀಲರು ಹೇಳಿದ್ರು." ಲಿನೆಟ್ ಕೈಗವಸು ಎಳೆದು ತೆಗೆದಳು. "ಅಲ್ಲದೆ ಇದನ್ನ ಹೇಳಿ ಏನಾಗ್ಬೇಕಿತ್ತು? ಆಕೆಗೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದ್ದು. ಮಿಷನ್ ಸುಳ್ಳು ಹೇಳಿದ್ರೆ ಯಾರಿಗೂ ಸಕ್ಕರೆ ಕುಸಿಯಲ್ಲ."

"ಆ ಸುಳ್ಳನ್ನ ನಂಬಿ ಇನ್ಸುಲಿನ್ ಕೊಟ್ರೆ?"

ಲಿನೆಟ್‌ಳ ಕೈ ಕಸದ ಬುಟ್ಟಿಯ ಮೇಲೆ ನಿಂತಿತು.

"ಕೊಟ್ರಾ?"

"ಕೊಟ್ರು."

"ಅದು ಯಾವ ಪೇಪರ್‌ನಲ್ಲೂ ಬಂದಿಲ್ಲ," ಅಂದಳು ಲಿನೆಟ್. "ಟಿ.ವಿ.ಯಲ್ಲೂ ಇಲ್ಲ. ಡ್ರಿಪ್ ಹಾಕಿಸ್ಕೊಂಡ್ರು, ಮನೇಲಿ ಬಿದ್ರು, ಅಷ್ಟೇ ಬಂದಿದ್ದು."

ಅದು ಬಾರದ ಹಾಗೆ ನೋಡಿಕೊಂಡವಳು ನೆಲ್ಡಾಳೇ. ಮಗುವಿನ ಹೆಸರು ಯಾರ ಬಾಯಿಗೂ ಸಿಗಬಾರದು ಎಂದು ಇನ್ಸುಲಿನ್ ವಿಷಯವನ್ನೇ ಮುಚ್ಚಿಟ್ಟಿದ್ದಳು. ಇಲ್ಲಿ ಒಬ್ಬಳು ವಕೀಲರ ಮಾತು ಕೇಳಿ ಬಾಯಿ ಮುಚ್ಚಿದ್ದಳು. ಈ ಎರಡು ಮೌನಗಳ ನಡುವೆ ವಿಷಯ ಇಷ್ಟು ದಿನ ಸಿಕ್ಕಿಕೊಂಡಿತ್ತು.

"ಯಾರು ಕೊಟ್ಟಿದ್ದು?" ಲಿನೆಟ್ ಕೇಳಿದಳು.

ಈಗ ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಮಗಳು. ಹತ್ತು ವರ್ಷ."

ಲಿನೆಟ್ ಹತ್ತಿರವಿದ್ದ ಸಲೈನ್ ಚೀಲಗಳ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಮಂಡಿ ನೋವಿಗೆ ಕೂತಂತಿರಲಿಲ್ಲ.

"ಇಂಥ ಮಿಷನ್ನೇ ಆಂಬುಲೆನ್ಸ್‌ನವರ ಹತ್ರಾನೂ ಇರುತ್ತೆ," ಅಂದಳು. "ಅವರಿಗೂ ಏರಿದೆ ಅಂತಾನೇ ತೋರಿಸಿರುತ್ತೆ. ಸಕ್ಕರೆ ನೀರು ಹಾಕಬೇಕಾದ ಹೊತ್ತಲ್ಲಿ ಸುಮ್ಮನೆ ಕರ್ಕೊಂಡು ಹೋಗಿರ್ತಾರೆ."

"ಹೌದು."

"ಅಯ್ಯೋ ದೇವರೇ."

"ಲಿನೆಟ್, ಈಗ ಕೇಳ್ತಿದೀನಿ. ಸರಿಯಾಗಿ ಕೇಳ್ತಿದೀನಿ. ಕೋರಿನ್‌ಗೆ ಹೇಳಿದ್ರಾ? ವರ್ನ್‌ಗೆ ಹೇಳಿದ ಹಾಗೆ?"

"ನಾನು ಎಲ್ಲರಿಗೂ ಹೇಳ್ತೀನಿ."

"ಕೋರಿನ್‌ಗೆ?"

ಲಿನೆಟ್ ಉತ್ತರಿಸುವ ಮೊದಲು ಬಾಗಿಲ ಕಡೆ ನೋಡಿದಳು. ಶೆಲ್ಬಿ ಅಲ್ಲಿ ಇರಲಿಲ್ಲ.

"ಮೊದಲೆಲ್ಲ ಬರೀ ನೀರಿನ ಡ್ರಿಪ್, ಇಷ್ಟು ವಿಟಮಿನ್ ಸಿ ಹಾಕಿಸ್ಕೊಂಡಿದ್ದು ಆವತ್ತೇ ಮೊದಲು. ತಲೆನೋವು ಅಂತ ಬಂದ್ರು. ಬಂದವರೇ ದಿಂಬು ಕೇಳಿದ್ರು. ದಿಂಬು ಇಟ್ಟ ಮೇಲೆ ಮಾತಾಡಿಸೋ ಹಾಗಿಲ್ಲ ಇಲ್ಲಿ. ಒಂದ್ಸಲ ಒಬ್ಬರನ್ನ ಎಬ್ಬಿಸಿದ್ದಕ್ಕೆ ಶೆಲ್ಬಿ ಹತ್ರ ಮಾತು ಕೇಳಿದೀನಿ. ನಿದ್ದೆಗೂ ಸೇರಿಸಿ ಅವರು ದುಡ್ಡು ಕೊಟ್ಟಿರ್ತಾರೆ ಅಂದ್ರು. ಅದಕ್ಕೆ ನಾವೆಲ್ಲ ಏನು ಮಾಡ್ತೀವಿ ಅಂದ್ರೆ, ಮಲಗಿದವರ ವಿಷಯ ಪಕ್ಕದ ಕುರ್ಚಿಗೆ ಹೇಳ್ತೀವಿ. ಜೊತೇಲಿ ಬಂದವರಿಗೆ. ಗೆಳತಿ ಇರ್ತಾಳೆ, ತಂಗಿ ಇರ್ತಾಳೆ, ಮನೆಗೆ ಕಾರು ಓಡಿಸೋರು ಅವರೇ ತಾನೆ."

"ಆವತ್ತು ಪಕ್ಕದ ಕುರ್ಚಿಯಲ್ಲಿ ಯಾರಿದ್ರು?"

"ಅವರ ಗಂಡ."

ಹೆಂಡತಿಯನ್ನು ಬಾಗಿಲಲ್ಲಿ ಇಳಿಸಿ, ಡ್ರಿಪ್ ಮುಗಿಯುವವರೆಗೂ ಟ್ರಕ್ಕಿನಲ್ಲೇ ಕೂತು ಫೋನ್ ನೋಡುತ್ತಿದ್ದೆ ಎಂದು ಕರ್ಟ್ ಥ್ಯಾಕರ್ ಹೇಳಿಕೆ ಕೊಟ್ಟಿದ್ದ. ಒಳಗೆ ಕ್ಯಾಮೆರಾ ಇಲ್ಲ. ಗಿರಾಕಿಗಳಿಗೆ ಅದು ಇಷ್ಟವಿಲ್ಲ. ಅವನ ಮಾತನ್ನು ಯಾರೂ ಅನುಮಾನಿಸಿರಲಿಲ್ಲ.

"ಒಳಗೆ ಬಂದಿದ್ರಾ? ನಿಮಗೆ ಖಂಡಿತ ಗೊತ್ತಾ?"

"ಬಂದಿದ್ರು. ಹೊರಗೆ ಸುಡ್ತಿದೆ ಅಂತ ಅರ್ಧದಲ್ಲಿ ಬಂದು ಕೂತ್ರು. ನೀರು ಕೊಟ್ಟೆ. ಸೌತೆಕಾಯಿ ಹಾಕಿದ ನೀರು ನೋಡಿ ಇದೇನು ಸಲಾಡ್ ತೊಳೆದ ನೀರಾ ಅಂತ ತಮಾಷೆ ಮಾಡಿದ್ರು."

"ಅವರಿಗೆ ಏನು ಹೇಳಿದ್ರಿ? ಹೇಳಿದ ಹಾಗೇ ಹೇಳಿ."

"ಮಾರನೇ ದಿನ ಬೆಳಿಗ್ಗೆವರೆಗೂ ಆಕೆ ಬೆರಳು ಚುಚ್ಚಿ ನೋಡ್ಕೋಬಾರದು, ನೋಡಿದ್ರೂ ನಂಬ್ಬಾರದು, ಅದನ್ನ ನೋಡಿ ಇನ್ಸುಲಿನ್ ತಗೊಂಡ್ರೆ ಅಪಾಯ. ಅನುಮಾನ ಬಂದ್ರೆ ಆಸ್ಪತ್ರೆಗೆ ಹೋಗಿ ರಕ್ತ ಕೊಡಿ ಅಂದೆ."

"ಕೇಳಿಸ್ಕೊಂಡ್ರಾ, ಸುಮ್ನೆ ತಲೆ ಆಡಿಸಿದ್ರಾ?"

ಲಿನೆಟ್ ಅವಳನ್ನು ನೇರವಾಗಿ ನೋಡಿದಳು. "ಕೇಳಿಸ್ಕೊಂಡ್ರು. ಎಷ್ಟು ಹೊತ್ತು ಹಾಗೆ ತೋರಿಸುತ್ತೆ ಅಂತ ಕೇಳಿದ್ರು. ತುಂಬಾ ಹೆಚ್ಚು ತೋರಿಸುತ್ತಾ ಅಂತಲೂ ಕೇಳಿದ್ರು. ಒಳ್ಳೆ ಗಂಡ ಅನ್ಕೊಂಡೆ ನಾನು. ಬೇರೆ ಗಂಡಸರು ಫೋನ್ ಬಿಟ್ಟು ತಲೇನೇ ಎತ್ತಲ್ಲ."

ಹೊರಗೆ ಯಾರದೋ ಚೀಲ ಖಾಲಿಯಾಗಿ ಕಂಬದ ಮೇಲಿನ ಗಂಟೆ ಸಣ್ಣಗೆ ಕೂಗಿತು. ಲಿನೆಟ್ ಎದ್ದಳು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಕೇಳಿದಳು:

"ಆ ಹುಡುಗಿಗೆ ಗೊತ್ತಾ? ತನ್ನ ಕೈಯಿಂದಾಗಿದ್ದು ಅಂತ?"

"ಅದನ್ನೇ ಅನ್ಕೊಂಡು ಕೂತಿದಾಳೆ."

"ಹೋಗಿ ಹೇಳಿ ಅವಳಿಗೆ," ಅಂದಳು ಲಿನೆಟ್. "ನನ್ನ ಹೆಸರು ಹಾಕಿ ಹೇಳಿ. ಶೆಲ್ಬಿ ನನ್ನ ಕೆಲಸದಿಂದ ತೆಗೀಲಿ, ಬಿಡಿ."

ಕಾರಿನಿಂದಲೇ ಗ್ರೇಡಿಗೆ ಫೋನ್ ಮಾಡಿದಳು. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ್ದು ಅಪರೂಪ.

"ಆವತ್ತು ಆ ಮಗು ಕೆಲಸಕ್ಕೆ ಹೋಗಿದ್ದ ಅಪ್ಪನಿಗೆ ಫೋನ್ ಮಾಡಿತ್ತಲ್ಲ," ಅಂದ. "ಸಕ್ಕರೆ ತುಂಬಾ ಏರಿದೆ ಅಂತ. ಆಗ ಅವನೇನು ಹೇಳಿದ್ದ?"

"ಅಮ್ಮ ಕಲಿಸಿದ ಹಾಗೆ ಮಾಡು ಅಂದನಂತೆ."

"ಮಿಷನ್ ಸುಳ್ಳು ಅಂತ ಗೊತ್ತಿದ್ದೂ."

"ಗೊತ್ತಿದ್ದೂ."

"ಮರೆತುಬಿಟ್ಟೆ ಅಂತಾನೆ ನೆಲ್ಡಾ. ಕೆಲಸದ ಗಡಿಬಿಡೀಲಿದ್ದೆ, ನರ್ಸ್ ಏನೋ ಅಂದ್ಳು, ತಲೆಗೆ ಹೋಗ್ಲಿಲ್ಲ ಅಂತಾನೆ. ಜ್ಯೂರಿಯಲ್ಲಿ ಅರ್ಧ ಜನ ಹೆಂಡ್ತಿ ಹಾಲು ತನ್ನಿ ಅಂದಿದ್ದನ್ನ ಮರೆತೋರೇ ಕೂತಿರ್ತಾರೆ. ತಲೆ ಆಡಿಸ್ತಾರೆ."

"ಟ್ರಕ್‌ನಲ್ಲೇ ಕೂತಿದ್ದೆ ಅಂತ ಯಾಕೆ ಹೇಳಿದ?"

"ಮರೆತಿದ್ದಕ್ಕೆ ನಾಚಿಕೆಯಾಯ್ತು, ಅದಕ್ಕೆ ಅಂತಾನೆ. ಅದನ್ನೂ ನಂಬ್ತಾರೆ." ಗ್ರೇಡಿ ನಿಟ್ಟುಸಿರು ಬಿಟ್ಟ. "ಹೇಳಿಕೆ ಸುಳ್ಳು ಅಂತ ಕರೆದು ವಿಚಾರಿಸಬಹುದು. ಮಗೂನ ತಡೆಯೋಕೆ ಅಷ್ಟು ಸಾಲದು. ಸಾಹೇಬ್ರನ್ನ ಕೇಳ್ತೀನಿ. ನೀನು ಅಲ್ಲಿಗೆ ಹೋಗಿರು. ಆ ಮಗು ಹತ್ರ ಅಪ್ಪನ ಬಗ್ಗೆ ನೀನಾಗೇ ಒಂದು ಮಾತೂ ಎತ್ಬೇಡ. ನೀನು ಹೇಳಿಕೊಟ್ಟೆ ಅಂತಾರೆ ಆಮೇಲೆ."

"ಗೊತ್ತು."

"ಗೊತ್ತು ಅಂತ ಗೊತ್ತು. ಆದ್ರೂ ಹೇಳ್ತಿದೀನಿ."

ಕೋರಿನ್‌ಳ ತಾಯಿ ಡಾರ್ಲೀನ್ ಊರಾಚೆ, ಜಲ್ಲಿಕಲ್ಲು ಹಾಸಿದ ಅಂಗಳದ ಮನೆಯಲ್ಲಿದ್ದಳು. ಬಾಗಿಲು ತೆರೆದಾಗ ಅವಳ ಕೈಯಲ್ಲಿ ಮಡಚಿದ ಪುಟ್ಟ ಅಂಗಿಗಳಿದ್ದವು. ಹಜಾರದಲ್ಲಿ ಬ್ಯಾಗು ಅರ್ಧ ತುಂಬಿತ್ತು.

"ಬನ್ನಿ," ಅಂದಳು. "ಅಳಿಯನ ಅಪ್ಪಣೆಯಾಗಿದೆ. ಬಟ್ಟೆ ಒಗೆದು ಇಟ್ಟಿರಬೇಕಂತೆ. ಇಸ್ತ್ರಿಯನ್ನೂ ಹಾಕಿ ಕಳಿಸಲಾ ಅಂತ ಕೇಳಿದೆ. ಅವನಿಗೆ ಅದು ಚುಚ್ಚು ಮಾತು ಅಂತಲೂ ಗೊತ್ತಾಗಲ್ಲ. ಹೂಂ ಅಂದ."

"ಅವಳು ಎಲ್ಲಿ?"

"ಹಿತ್ತಲಲ್ಲಿ, ಜಡ್ಜ್ ಹತ್ರ." ಡಾರ್ಲೀನ್ ದನಿ ತಗ್ಗಿಸಿದಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಅಳೋದೂ ಇಲ್ಲ. ಅತ್ತಿದ್ರೆ ಹಿಡ್ಕೋಬಹುದಿತ್ತು. ಪಾತ್ರೆ ತೊಳೀತೀನಿ ಅಜ್ಜಿ ಅಂತಾಳೆ, ಹಾಸಿಗೆ ಮಡಿಸ್ತೀನಿ ಅಂತಾಳೆ. ಈ ವಯಸ್ಸಲ್ಲಿ ಅಷ್ಟು ಒಳ್ಳೆಯವಳಾಗಿರೋ ಮಗೂನ ನೋಡಿದ್ರೆ ಭಯವಾಗುತ್ತೆ ನನಗೆ."

ಜಡ್ಜ್ ಅಂದರೆ ಮರುಭೂಮಿಯ ಆಮೆ. ಡಾರ್ಲೀನ್‌ಳ ಗಂಡ ಬದುಕಿದ್ದಾಗ ತಂದು ಸಾಕಿದ್ದು. ಈಗ ಮನೆಯಲ್ಲಿ ಎಲ್ಲರಿಗಿಂತ ಗತ್ತು ಅದಕ್ಕೇ. ರೆನ್ ಮೆಸ್ಕೀಟ್ ಮರದ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು ಪಾಪಾಸುಕಳ್ಳಿಯ ಎಲೆಯ ಮುಳ್ಳು ಕೆರೆಯುತ್ತಿದ್ದಳು. ತೆಳ್ಳಗಿನ ಹುಡುಗಿ, ಮೊಣಕಾಲಲ್ಲಿ ಹಳೆ ಗಾಯದ ಕಲೆ.

"ಜಡ್ಜ್ ಸಾಹೇಬರ ಊಟ ಆಯ್ತಾ?" ನೆಲ್ಡಾ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಳು.

"ಇನ್ನೂ ಯೋಚನೆ ಮಾಡ್ತಿದಾರೆ, ಮಿಸ್ ನೆಲ್ಡಾ."

"ತೀರ್ಪು ಯಾವಾಗ ಬರುತ್ತೋ."

"ಅವರದು ನಿಧಾನ."

ಪ್ರತಿ ಸಲ ಬಂದಾಗಲೂ ಹೀಗೇ. ರೆನ್ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ಕೊನೆಯಲ್ಲಿ ಒಮ್ಮೆ ಬಾಯಿ ತೆರೆದು, ಏನೋ ಕೇಳಬೇಕೆಂದು ಉಸಿರು ಎಳೆದುಕೊಂಡು, ಆಮೆಗಳಿಗೆ ಕಿವಿ ಕೇಳುತ್ತಾ ಅಂತಲೋ, ನಿಮ್ಮ ಮಗಳು ಯಾವ ಕ್ಲಾಸು ಅಂತಲೋ ಕೇಳಿ ಸುಮ್ಮನಾಗುತ್ತಾಳೆ. ನೆಲ್ಡಾ ಒತ್ತಾಯ ಮಾಡಿರಲಿಲ್ಲ. ಮಕ್ಕಳ ಬಾಯಲ್ಲಿರುವುದನ್ನು ಬೆರಳು ಹಾಕಿ ತೆಗೆಯುವುದು ಅನ್ನದ ಅಗುಳಾದರೆ ಸರಿ, ಮಾತಾದರೆ ಸಲ್ಲ ಎಂಬುದು ಅವಳ ಅನುಭವ.

"ರೆನ್, ನಿನಗೊಂದು ಹೇಳೋದಿದೆ. ಒಳ್ಳೇದೇ."

ಹುಡುಗಿಯ ಕೈ ಕೆರೆಯುವುದನ್ನು ನಿಲ್ಲಿಸಿತು. "ಅಮ್ಮ ಎದ್ರಾ?"

"ಇಲ್ಲಮ್ಮ. ಇನ್ನೂ ಇಲ್ಲ." ನೆಲ್ಡಾ ಅವಳ ಕಡೆ ತಿರುಗಿ ಕೂತಳು. "ಆವತ್ತು ನೀನು ಅಮ್ಮನ ಬೆರಳು ಚುಚ್ಚೋ ಮುಂಚೆ ಒರೆಸಿದ್ದೆ ತಾನೆ?"

"ಒರೆಸ್ದೆ. ಒಣಗೋವರೆಗೂ ಕಾದೆ. ಇಲ್ದಿದ್ರೆ ತಪ್ಪು ಬರುತ್ತೆ."

"ಇನ್ಸುಲಿನ್ ಪೆನ್ನಿನಲ್ಲಿ ಅಳತೆ ತಿರುಗಿಸಿದ್ದೂ ಅಮ್ಮ ಹೇಳಿಕೊಟ್ಟ ಹಾಗೇ."

"ಹೂಂ. ಮಿಷನ್‌ನಲ್ಲಿ ಬಂದಿದ್ದಕ್ಕೆ ಎಷ್ಟು ಬೇಕೋ ಅಷ್ಟೇ. ಎರಡೆರಡು ಸಲ ನೋಡಿದೆ."

"ನಾನು ಇವತ್ತು ಒಬ್ಬ ನರ್ಸ್ ಹತ್ರ ಮಾತಾಡಿ ಬಂದೆ. ಲಿನೆಟ್ ಅಂತ. ಆ ಡ್ರಿಪ್ ಹಾಕಿಸ್ಕೊಂಡ ದಿನ ಆ ಮಿಷನ್ ಸುಳ್ಳು ಹೇಳುತ್ತಂತೆ ರೆನ್. ಸಕ್ಕರೆ ಏರಿರಲ್ಲ, ಆದ್ರೂ ಏರಿದೆ ಅಂತ ತೋರಿಸುತ್ತೆ. ದೊಡ್ಡವರಿಗೂ ಹಾಗೇ ತೋರಿಸುತ್ತೆ. ಆಂಬುಲೆನ್ಸ್‌ನಲ್ಲಿ ಬಂದವರು ಓದಿ ಕಲಿತವರು, ಅವರಿಗೂ ಹಾಗೇ ತೋರಿಸ್ತು. ನೀನು ಮಾಡಿದ್ದರಲ್ಲಿ ಒಂದು ಚೂರೂ ತಪ್ಪಿಲ್ಲ. ತಪ್ಪು ಮಿಷನ್‌ದು."

ರೆನ್ ತುಂಬ ಹೊತ್ತು ಕಳ್ಳಿಯ ಎಲೆಯನ್ನೇ ನೋಡಿದಳು. ಅವಳ ಭುಜ ಮೊದಲು ಸಡಿಲಾಯಿತು, ಆಮೇಲೆ ಗದ್ದ ನಡುಗತೊಡಗಿತು. ನೆಲ್ಡಾ ಅವಳನ್ನು ಹತ್ತಿರ ಎಳೆದುಕೊಂಡಳು. ಹುಡುಗಿ ಸದ್ದಿಲ್ಲದೆ ಅತ್ತಳು, ಬಾಯಿ ಮುಚ್ಚಿಕೊಂಡು ಅಳುವುದನ್ನು ಈಗಾಗಲೇ ಕಲಿತವಳ ಹಾಗೆ. ಅಡುಗೆಮನೆಯ ಕಿಟಕಿಯಲ್ಲಿ ಡಾರ್ಲೀನ್ ನಿಂತಿದ್ದಳು. ನೆಲ್ಡಾ ಅವಳಿಗೆ ಈಗ ಬರಬೇಡ ಎಂದು ಕಣ್ಣಲ್ಲೇ ಹೇಳಿದಳು.

ಆಮೆ ಕಾದು ಬೇಸತ್ತು ಎಲೆಯ ಕಡೆ ಒಂದು ಹೆಜ್ಜೆ ಇಟ್ಟಿತು.

ಅಳು ನಿಂತ ಮೇಲೆ ರೆನ್ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡಳು. "ಸುಳ್ಳು ಹೇಳುತ್ತೆ ಅಂತ ಆ ನರ್ಸಿಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಅಮ್ಮನಿಗೆ ಯಾಕೆ ಹೇಳ್ಲಿಲ್ಲ?"

ನೆಲ್ಡಾ ಮಾತು ಆರಿಸಿಕೊಂಡಳು. "ಅಮ್ಮ ಮಲಗಿದ್ರು. ಎಬ್ಬಿಸ್ಲಿಲ್ಲ."

"ದಿಂಬು," ಅಂದಳು ರೆನ್.

"ಏನಂದೆ?"

"ಬೇಸಿಗೆ ರಜದಲ್ಲಿ ಅಮ್ಮನ ಜೊತೆ ನಾನೂ ಹೋಗ್ತಿದ್ದೆ. ದಿಂಬು ಇಟ್ಮೇಲೆ ಅಮ್ಮನಿಗೆ ಏನೂ ಹೇಳಲ್ಲ ಅವರು. ಪಕ್ಕದಲ್ಲಿ ಕೂತೋರಿಗೆ ಹೇಳ್ತಾರೆ. ನನಗೂ ಹೇಳಿದ್ರು ಒಂದ್ಸಲ, ಅಮ್ಮನಿಗೆ ಜಾಸ್ತಿ ನೀರು ಕುಡಿಸು ಪುಟ್ಟಿ ಅಂತ. ಆವತ್ತು ಅಮ್ಮನ ಜೊತೆ ಹೋಗಿದ್ದು ಅಪ್ಪ."

ಗ್ರೇಡಿಯ ಎಚ್ಚರಿಕೆ ನೆಲ್ಡಾಳ ಕಿವಿಯಲ್ಲಿತ್ತು. ಅವಳು ಆ ಮಗುವಿನ ಎದೆಯಿಂದ ಒಂದು ಭಾರ ಇಳಿಸಲು ಬಂದಿದ್ದಳು. ಇಳಿಸಿದ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತಿರುವುದು ಅವಳ ಕಣ್ಣೆದುರೇ ಕಾಣುತ್ತಿತ್ತು. ತಡೆಯಲು ದಾರಿ ಇರಲಿಲ್ಲ. ಒಂದು ಸುಳ್ಳು ಹೇಳಿದ್ದರೆ ತಡೆಯಬಹುದಿತ್ತು. ಈ ಹುಡುಗಿಗೆ ಸುಳ್ಳು ಹೇಳಿದವರು ಆಗಲೇ ಸಾಕಷ್ಟು ಮಂದಿ ಇದ್ದ ಹಾಗಿತ್ತು.

ಮನೆಯ ಮುಂದೆ ಜಲ್ಲಿಕಲ್ಲಿನ ಮೇಲೆ ಟ್ರಕ್ಕಿನ ಚಕ್ರ ಹೊರಳಿದ ಸದ್ದು ಕೇಳಿಸಿತು. ಎಂಜಿನ್ ನಿಂತಿತು. ಬಾಗಿಲು ತೆರೆದು ಮುಚ್ಚಿತು.

"ರೆನ್?" ಮುಂದಿನ ಅಂಗಳದಿಂದ ಕರ್ಟ್ ಥ್ಯಾಕರ್ ಕೂಗಿದ. ಲವಲವಿಕೆಯ ದನಿ. "ರೆಡಿ ಏನೇ ಮರಿ?"

ರೆನ್ ಆ ಕಡೆ ತಿರುಗಲಿಲ್ಲ. ಕಳ್ಳಿ ಎಲೆಯನ್ನು ನೆಲದ ಮೇಲಿಟ್ಟಳು. ನೆಲ್ಡಾಳ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಯಾವಾಗಲೂ ಎಳೆದುಕೊಂಡು ಬಿಟ್ಟುಬಿಡುತ್ತಿದ್ದ ಆ ಉಸಿರನ್ನು ಈಗ ಎಳೆದುಕೊಂಡಳು.

"ಮಿಸ್ ನೆಲ್ಡಾ," ಅಂದಳು, ಮನೆಯ ಕಡೆಗೆ ಕೇಳಿಸದಷ್ಟು ಮೆಲ್ಲಗೆ, "ನಾನು ಮತ್ತೆ ಫೋನ್ ಮಾಡಿ ಸಕ್ಕರೆ ಇನ್ನೂ ಇಳಿದಿಲ್ಲ ಅಪ್ಪ ಅಂದಾಗ, ಇನ್ನೊಂದ್ಸಲ ಹಾಕು, ಎರಡನೇದನ್ನ ಯಾರಿಗೂ ಹೇಳ್ಬೇಡ ಅಂತ ಅಪ್ಪ ನನಗೆ ಯಾಕೆ ಹೇಳಿದ್ರು?"